ಬಾಣಂತಿಯ ಸಾಲಿಗೆ ಸೇರಿದ ಬಸುರಿ

ಧನಕವಡಿ, ಪುಣೆ
೧೪ ನವೆಂಬರ್ ೨೦೨೪

ಪ್ರೀತಿಯ ಶೈಲಾ,

ಹೇಗಿದ್ದೀ? ಜ್ವರ ಬಿಟ್ಟಿತೇ? ನಮ್ಮ ಕೂಸು ಹೊಟ್ಟೆಯಲ್ಲಿ ಇನ್ನೂ ಲಾಗ ಹಾಕುತ್ತಿದೆಯೇ? ನಾನಿಲ್ಲಿ ಆರಾಮ. ಡಬ್ಬಿಯ ಊಟ ಸಪ್ಪೆ, ನೀನು ಹೆರಿಗೆಗೆ ತವರಿಗೆ ಹೋಗುವಾಗ ಮಾಡಿಟ್ಟ ಶೇಂಗಾ ಚಟ್ನಿ ತಳ ಕಂಡಿದೆ. ವಿಜಯಪುರದ ನಿಮ್ಮ ಮನೆಯಲ್ಲಿ ಫೋನ್ ಎಂದರೆ ಪಡಸಾಲೆಯ ಆಸ್ತಿ. ನಾನು "ಶೈಲಾ" ಎಂದರೆ ನಾಲ್ಕು ಜನ "ಹೇಳ್ರಿ" ಎನ್ನುತ್ತಾರೆ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ತಾಯಪ್ಪ ಕಾಕಾ ಇಂದಿನ ಬಸ್ಸಿಗೆ ಊರಿಗೆ ಹೊರಟಿದ್ದಾರೆ, ನಿನ್ನ ಕೈಗೇ ಕೊಡುತ್ತಾರೆ.

ಮೊನ್ನೆ ನೀನು ಫೋನ್ ಕದ್ದೊಯ್ದು ಹಿತ್ತಲಿನಿಂದ ಪಿಸುಮಾತಿನಲ್ಲಿ ಹೇಳಿದ್ದು ತಲೆಯಿಂದ ಇಳಿದಿಲ್ಲ. ಎಡ ಮೊಲೆ ಕೆಂಪಾಗಿ ಬಾತಿದೆ, ಮುಟ್ಟಿದರೆ ಉರಿ, ಸಂಜೆಯಾದರೆ ಚಳಿಜ್ವರ. "ಹಾಲು ಬರೂ ತಯಾರಿ ಇರಬೇಕು, ಬಿಡ್ರಿ. ಅವ್ವಗ ಹೇಳಬ್ಯಾಡ್ರಿ, ನನಗ ಭಾಳ ನಾಚಿಕಿ" ಎಂದು ನೀನು ಫೋನ್ ಇಟ್ಟುಬಿಟ್ಟೆ. ನನಗೂ ಅದು ಹೌದೆನ್ನಿಸಿತು.

ಇವತ್ತು ಆಫೀಸಿನಲ್ಲಿ ನಾನು ಮುಗಿಸಿದ್ದ ಒಬ್ಬ ರೋಗಿಯ ಚಾರ್ಟು ತಪ್ಪಾಗಿದೆ ಎಂದು ವಾಪಸ್ ಬಂತು. ನನ್ನ ಕೆಲಸ ನಿನಗೆ ಗೊತ್ತೇ ಇದೆಯಲ್ಲ, ಅಮೆರಿಕದ ಡಾಕ್ಟರು ಬರೆದ ರೋಗಕ್ಕೆ ವಿಮೆಯವರಿಗಾಗಿ ಕೋಡ್ ಹಾಕುವುದು. ಮೊಲೆಯಲ್ಲಿ ಸೋಂಕು ಎಂದು ಓದಿದ್ದೇ ತಡ, ಹಿಂದೆಮುಂದೆ ನೋಡದೆ ಹಾಲೂಡಿಸುವ ಬಾಣಂತಿಯ ಕೋಡ್ ಬಡಿದಿದ್ದೆ. ನಮ್ಮ ತಪ್ಪು ಹಿಡಿಯುವ ಮಾಧುರಿ ಮೇಡಂ ಜಮಖಂಡಿಯವರು. ಕುರ್ಚಿ ಎಳೆದುಕೊಂಡು ಬಂದು, "ಅವಧೂತ, ಈಕಿ ಇನ್ನೂ ಹಡದಿಲ್ಲೋ! ಬಸರ್ಯಾಗೂ ಇದು ಆಗತದ, ಅದಕ್ಕ ಬ್ಯಾರೆ ಕೋಡ್ ಅದ. ಎಷ್ಟು ತಿಂಗಳು ನೋಡಿ ಹಾಕು" ಎಂದರು. ಮತ್ತೆ ಓದಿದೆ. ಕೆಂಪು, ಬಾವು, ಚಳಿಜ್ವರ. ನೀನು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ ಇತ್ತು. ಆ ಹೆಂಗಸು ತಡಮಾಡಿ ಬಂದದ್ದಕ್ಕೆ ಕೀವು ಕಟ್ಟಿ ಕೊಯ್ಯಬೇಕಾಯಿತಂತೆ. ಕೋಡ್ ತಿದ್ದಿ ನೇರ ಮನೆಗೆ ಬಂದು ಈ ಕಾಗದಕ್ಕೆ ಕೂತೆ, ಶೈಲಾ.

ನಿನ್ನದೂ ಅದೇ ಎಂದು ನಾನು ಹೇಳುವಂತಿಲ್ಲ. ಡಾಕ್ಟರು ಬರೆಯದ ರೋಗಕ್ಕೆ ಕೋಡ್ ಹಾಕುವ ಹಕ್ಕು ನಮಗಿಲ್ಲ. ಹೆಂಡತಿಯ ವಿಷಯದಲ್ಲೂ ಇಲ್ಲ. ಕಾಗದ ಸಿಕ್ಕ ಕೂಡಲೇ ಡಾಕ್ಟರಮ್ಮನ ಹತ್ತಿರ ಹೋಗು. ಬಸುರಿಗೆ ನಡೆಯುವ ಔಷಧಿಯನ್ನೇ ಕೊಡುತ್ತಾರೆ. ಅರಿಶಿನ ಹಚ್ಚಿಕೊಂಡು ಜಾಣತನ ತೋರಿಸಬೇಡ. ನನಗೆ ಭಯವಾಗಿದೆ. ನೀನು ಗಟ್ಟಿಯಾಗಿದ್ದು ನನ್ನನ್ನು ಬೈಯುತ್ತಿದ್ದರೇನೇ ನನಗೆ ನೆಮ್ಮದಿ.

ಮಾವನವರಿಗೂ ಅತ್ತೆಯವರಿಗೂ ನಮಸ್ಕಾರ. ಹೊಟ್ಟೆಯ ಮೇಲೆ ಕೈಯಿಟ್ಟು, ಅಪ್ಪ ಕೇಳಿದ ಎಂದು ಒಳಗಿನವರಿಗೂ ಹೇಳು.

ನಿನ್ನವನೇ ಆದ,
ಅವಧೂತ

ತಾ.ಕ.: ಕಾಕಾ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾರೆ. ಕಾಗದ ಮುಟ್ಟುವ ತನಕ ಕಾಯಲು ಮನಸ್ಸು ಒಪ್ಪಲಿಲ್ಲ. ಬೈದರೆ ಬೈಯಿ, ಈಗಷ್ಟೇ ಅತ್ತೆಯವರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅಳಿಯನಾಗಿ ಅತ್ತೆಯ ಮುಂದೆ ಆ ಮಾತು ಆಡುವಷ್ಟರಲ್ಲಿ ಬೆವೆತುಹೋದೆ. ಅವರು, "ಶೈಲಾ ಹೊಟ್ಟ್ಯಾಗಿದ್ದಾಗ ನನಗೂ ಹಿಂಗ ಆಗಿತ್ರಿ, ಅಳಿಯಂದ್ರ. ನಾಚಿಕಿಗೆ ಯಾರ ಮುಂದೂ ಬಾಯಿ ಬಿಡಲಿಲ್ಲ, ಸಾಯೂಹಂಗ ಆಗಿತ್ತು. ಈಗಿಂದೀಗ ದವಾಖಾನಿಗೆ ಕರಕೊಂಡು ಹೋಗ್ತೀನಿ, ಫೋನ್ ಇಡ್ರಿ" ಎಂದರು.