ಭಾವನ ಮೂಗು

ತಾ. 4, ಸೋಮವಾರ. ಬೆಳಿಗ್ಗೆ 8

ಇವತ್ತೂ ಭಾವ ಮಾಯ. ಆರು ಗಂಟೆಗೇ ಚಪ್ಪಲಿ ಇಲ್ಲ, ಟೋಪಿ ಇಲ್ಲ. ಸಮುದ್ರದ ಊರಿಗೆ ರಜೆಗೆ ಬಂದು ಮೂರು ದಿನ, ಮೂರು ದಿನವೂ ಇದೇ ಕಥೆ. ಅಕ್ಕನನ್ನು ಕೇಳಿದರೆ "ವಾಕಿಂಗು" ಅಂತಾಳೆ. ನಮ್ಮ ಭಾವ ಮತ್ತು ವಾಕಿಂಗು! ಮೂವತ್ತು ವರ್ಷ ಹೋಟೆಲಿನ ಒಲೆ ಮುಂದೆ ನಿಂತ ಮನುಷ್ಯ. ರಸ್ತೆ ದಾಟುವುದಕ್ಕೂ ಗಾಡಿ ಹುಡುಕುವ ಗಿರಾಕಿ.

ಹಿಂದೆಯೇ ಹೋದೆ. ಪಂಕ್ಚರ್ ಅಂಗಡಿಯವನು ನಾನು, ಲೀಕ್ ಎಲ್ಲಿ ಅಂತ ಗೊತ್ತಾಗುವ ತನಕ ನಿದ್ದೆ ಬರುವುದಿಲ್ಲ.

ಮೀನು ಒಣಗಿಸುವ ಜಾಗದಲ್ಲಿ ನಿಂತಿದ್ದರು. ಕಣ್ಣು ಮುಚ್ಚಿ. ಉಸಿರು ಒಳಗೆ... ಹೊರಗೆ... ಒಳಗೆ. ಇಪ್ಪತ್ತು ಹೆಜ್ಜೆ ದೂರದಲ್ಲೇ ನಾನು ಮೂಗಿಗೆ ಕರ್ಚೀಫು ಕಟ್ಟಿದ್ದೆ. ಒಂದು ನಾಯಿ ಕೂಡ ಆ ಜಾಗ ಬಿಟ್ಟು ಸುತ್ತು ಹಾಕಿಕೊಂಡು ಹೋಯಿತು.

"ಏನ್ ಭಾವ, ಯೋಗಾನಾ?"

ಬೆಚ್ಚಿಬಿದ್ದರು. "ಸಮುದ್ರದ ಗಾಳಿ ಕಣೋ. ಮೈಗೆ ಒಳ್ಳೇದು."

"ಇದು ಗಾಳಿ ಅಲ್ಲ ಭಾವ, ಹೆಣ."

ನಗಲಿಲ್ಲ. ನನ್ನ ಜೋಕಿಗೆ ಭಾವ ನಗದೇ ಇದ್ದದ್ದು ಇದೇ ಮೊದಲು. ಯಾಕಿರಬಹುದು?

ಅದೇ ದಿನ, ಸಂಜೆ

ಹಾಲು ಸೀದುಹೋಯಿತು. ಪಾತ್ರೆ ತಳ ಕರ್‍ರಗೆ. ಅಕ್ಕ ಸಮುದ್ರದಲ್ಲಿ ಕಾಲು ನೆನೆಸುವುದಕ್ಕೆ ಹೋಗಿದ್ದಳು. ಭಾವ ಒಲೆಯಿಂದ ಎರಡು ಮೊಳ ದೂರದಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದರು. ಹೊರಗೆ ಬಟ್ಟೆ ಒಣಹಾಕುತ್ತಿದ್ದ ನನ್ನ ಹೆಂಡತಿಗೆ ವಾಸನೆ ಬಂತು, ಓಡಿ ಬಂದಳು. "ಅಣ್ಣಾ, ಹಾಲು!"

"ಅಯ್ಯೋ, ಏನೋ ಯೋಚನೇಲಿದ್ದೆ ಕಣಮ್ಮ."

ಯೋಚನೆ ಇದ್ದೇ ಇರುತ್ತದೆ ಬಿಡಿ. ಹಳೇ ಹೋಟೆಲ್ ಮುಚ್ಚಿ ಆರು ತಿಂಗಳು. ಹೊಸ ಹೋಟೆಲಿನ ಓನರ್ ಹದಿನೈದನೇ ತಾರೀಖು ಮನೆಗೇ ಬಂದು ಇವರ ಕೈ ಊಟ ಮಾಡುತ್ತಾರಂತೆ. ರುಚಿ ಹಿಡಿಸಿದರೆ ಭಾವ ಹೆಡ್ ಕುಕ್. ಹಿಡಿಸದಿದ್ದರೆ ಈ ವಯಸ್ಸಿಗೆ ಇನ್ಯಾರು ಕರೆಯುತ್ತಾರೆ?

ಆದರೂ... ಎರಡು ಮೊಳ ದೂರ!

ತಾ. 5, ಮಂಗಳವಾರ

ಊರಾಚೆ ರಸ್ತೆಯಲ್ಲಿ ಬೋರ್ಡು ನೋಡಿದೆ. ದ್ರಾಕ್ಷಿ ತೋಟ, ವೈನು, ಬಿಯರು, ಮಾಡುವುದನ್ನು ಒಳಗೆ ಬಂದು ನೋಡಬಹುದು. ನಾಳೆ ಹೋಗೋಣ ಅಂದೆ.

ಅಕ್ಕ: "ನೋಡೋಕಾ, ಕುಡಿಯೋಕಾ?"

"ಕಣ್ಣಿಂದ ಶುರು ಮಾಡ್ತೀನಿ ಅಕ್ಕ. ಎಲ್ಲಿ ನಿಲ್ಲುತ್ತೋ ಗೊತ್ತಿಲ್ಲ."

ಭಾವ ಬರುವುದಿಲ್ಲ ಅಂದರು. ಬಲವಂತ ಮಾಡಿ ಒಪ್ಪಿಸಿದೆ. ಹೆಂಗಸರಿಬ್ಬರು ಬರುವುದಿಲ್ಲ, ಬೀಚೇ ಸಾಕಂತೆ.

ತಾ. 6, ಬುಧವಾರ. ಸಂಜೆ

ಎಲ್ಲ ಬರೆಯಬೇಕು. ಬರೆಯದಿದ್ದರೆ ತಲೆ ಬಿಸಿ ಇಳಿಯುವುದಿಲ್ಲ.

ದ್ರಾಕ್ಷಿ ಬಳ್ಳಿಗಳೆಲ್ಲ ಸಮುದ್ರಕ್ಕೆ ಬೆನ್ನು ಕೊಟ್ಟು ಬಗ್ಗಿವೆ, ಗಾಳಿಗೆ. ಎಲೆ ನೆಕ್ಕಿ ನೋಡಿದೆ. ಉಪ್ಪು! ತೋಟದ ಯಜಮಾನಿ ನೋಡಿಬಿಟ್ಟರು. ಅರವತ್ತು ದಾಟಿದ ಹೆಂಗಸು, ಉಗುರಿನ ಸಂದಿಯೆಲ್ಲ ನೇರಳೆ ಬಣ್ಣ. "ಹಣ್ಣು ಆ ಕಡೆ ಇದೆ. ಎಲೆ ತಿನ್ನೋಕೆ ಮೇಕೆ ಸಾಕಿದೀನಿ" ಅಂದರು. ಆಗಲೇ ನನಗೆ ಹಿಡಿಸಿಬಿಟ್ಟರು.

ಒಳಗೆ ಉದ್ದನೆ ಕೋಣೆ, ತಂಪು, ಸಾಲಾಗಿ ಮರದ ಪೀಪಾಯಿ. ಬೆರಳ ಗೆಣ್ಣಿನಿಂದ ಟಕ್ ಟಕ್ ಬಡಿಯುತ್ತ ಹೋಗುತ್ತಾರೆ. ಸದ್ದು ಬದಲಾದ ಕಡೆ ವೈನ್ ಮಟ್ಟವಂತೆ. ನಾನೂ ಬಡಿದೆ. ನನಗೆ ಎಲ್ಲವೂ ಬಾಗಿಲು ಬಡಿದ ಹಾಗೇ ಕೇಳಿಸಿತು.

ಅಲ್ಲಿ ಒಂದು ಪದ್ಧತಿ. ಕುಡಿಯುವುದಕ್ಕೆ ಕೊಡುವ ಮುಂಚೆ ಮೂರು ಲೋಟ ಇಡುತ್ತಾರೆ. ಎರಡು ಒಳ್ಳೇ ಪೀಪಾಯಿದು, ಒಂದು ಮುಗ್ಗಲು ಹಿಡಿದ ಪೀಪಾಯಿದು. ಮೂಸಬೇಕು ಅಷ್ಟೇ, ಬಾಯಿಗಿಡುವ ಹಾಗಿಲ್ಲ. ಕೆಟ್ಟದ್ದನ್ನು ಹಿಡಿದವರಿಗೆ ಮೊದಲ ಲೋಟ. ಕೆಟ್ಟ ಪೀಪಾಯಿ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಿದೆ. "ಒಳ್ಳೇದನ್ನ ಹೊಗಳೋಕೆ ಬಂದವರಿಗೆಲ್ಲ ಬರುತ್ತೆ. ನಂಗೆ ಬೇಕಾಗಿರೋದು ಕೆಟ್ಟದ್ದನ್ನ ಹಿಡಿಯೋ ಮೂಗು" ಅಂದರು.

ನಾನು ಸುಮ್ಮನಿರಬೇಕಿತ್ತು. ನಾನು ಮತ್ತು ಸುಮ್ಮನಿರುವುದು!

"ಅಮ್ಮಾ, ನಮ್ಮ ಭಾವ ಅಡುಗೆಯವರು. ಪಕ್ಕದ ಬೀದೀಲಿ ಏನು ಬೇಯ್ತಿದೆ ಅಂತ ಈ ಬೀದೀಲಿ ನಿಂತು ಹೇಳ್ತಾರೆ. ಇವತ್ತು ನಿಮ್ಮ ಲೋಟಗಳ ಮಾನ ಉಳಿಯಲ್ಲ!"

"ಸುಮ್ನಿರೋ" ಅಂದರು ಭಾವ. ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ನೂಕಿದೆ. ನೋಡಲು ಬಂದಿದ್ದ ಹತ್ತು ಹನ್ನೆರಡು ಜನ ಸುತ್ತ ಸೇರಿದರು.

ಒಂದನೇ ಲೋಟ ಮೂಸಿದರು. ಎರಡನೇದು. ಮೂರನೇದು. ಮತ್ತೆ ಒಂದನೇದು. ಹಣೆ ಮೇಲೆ ಬೆವರು. ಕೊನೆಗೆ ಒಂದನೇದನ್ನು ಪಕ್ಕಕ್ಕೆ ಸರಿಸಿ, "ಇದು ಕೆಟ್ಟಿದೆ" ಅಂದರು. ಮೂರನೇದನ್ನು ಎತ್ತಿ ಹಿಡಿದು, "ಇದು ರಾಜ!"

ಹಿಂದೆ ಯಾರೋ ಕಿಸಕ್ಕೆಂದರು. "ಅಡುಗೆಯವರಂತೆ! ಯಾವ ಹೋಟ್ಲು, ಹೇಳಿಬಿಡಿ, ಆ ಕಡೆ ಹೋಗಲ್ಲ."

ಮೂರನೇ ಲೋಟ ನನ್ನ ಕೈಗೆ ಬಂತು. ಮುಖದ ಹತ್ತಿರ ತರುವುದೇ ಬೇಡ. ತಿಂಗಳುಗಟ್ಟಲೆ ಒದ್ದೆಯಾಗಿ ಬಿದ್ದ ಗೋಣಿಚೀಲದ ವಾಸನೆ. ಭಾವನ ಮುಖ ನೋಡಿದೆ. ನಾಚಿಕೆ ಅಲ್ಲ, ಭಯ. ಹಾಲು, ಮೀನು, ಎಲ್ಲ ಒಟ್ಟಿಗೆ ತಲೆಗೆ ಹೊಳೆಯಿತು.

ಏನು ಮಾಡಲಿ... ಗಟಗಟ ಕುಡಿದುಬಿಟ್ಟೆ.

"ಅಯ್ಯೋ, ಅದನ್ನ ಕುಡೀಬೇಡಿ!" ಯಜಮಾನಿ ಕೂಗಿದರು.

"ನಂಗೂ ಇದೇ ಚೆನ್ನಾಗಿದೆ ಅಮ್ಮಾ! ನಮ್ಮ ಮನೇಲಿ ಮೂಗು ಇರೋದು ಕನ್ನಡಕ ಕೂರಿಸೋಕೆ."

ಎಲ್ಲರ ನಗು ನನ್ನ ಕಡೆ ತಿರುಗಿತು. ಒಳ್ಳೇದಾಯಿತು. ನಾಲಿಗೆ ಇನ್ನೂ ಗೋಣಿಚೀಲವೇ.

ಬಿಯರ್ ಕೋಣೆ ಪಕ್ಕದಲ್ಲೇ, ಯಜಮಾನಿಯ ತಮ್ಮ ನೋಡಿಕೊಳ್ಳುತ್ತಾನೆ. ದೊಡ್ಡ ಸ್ಟೀಲ್ ಡ್ರಮ್ಮು, ಅದರಿಂದ ಒಂದು ಪೈಪು ಬಕೆಟ್ ನೀರಿನೊಳಗೆ. ನೀರಲ್ಲಿ ಗುಳುಗುಳು. "ಲೀಕ್ ಇದೆ, ಪ್ಯಾಚ್ ಹಾಕ್ಲಾ?" ಅಂದೆ. ಅವನಿಗೆ ನಕ್ಕೂ ನಕ್ಕೂ ಕೆಮ್ಮು ಬಂತು. ಒಳಗೆ ಯೀಸ್ಟ್ ಸಕ್ಕರೆ ತಿಂದು ಉಸಿರು ಬಿಡುತ್ತಿದೆಯಂತೆ. ಗುಳುಗುಳು ನಿಂತರೆ ಅದರ ಊಟ ಮುಗಿಯಿತು ಅಂತ. ಇಷ್ಟು ವರ್ಷ ಗುಳ್ಳೆ ಕಂಡರೆ ನಷ್ಟ ಅಂದುಕೊಂಡಿದ್ದೆ! ಬೇರೆ ದಿನವಾಗಿದ್ದರೆ ಆ ಬಕೆಟ್ ಮುಂದೆಯೇ ಸಂಜೆ ತನಕ ಕೂತಿರುತ್ತಿದ್ದೆ. ಇವತ್ತು ಕಣ್ಣು ಭಾವನ ಮೇಲೇ.

ಗೇಟಿನ ತನಕ ಯಜಮಾನಿ ಬಂದರು. ಮೆಲ್ಲಗೆ ಕೇಳಿದರು. "ಯಾವಾಗಿಂದ?"

"ಏನು?" ಅಂದರು ಭಾವ.

"ಮೂಗು."

ಭಾವ ಚಪ್ಪಲಿ ನೋಡಿಕೊಂಡರು. "ಐದು ತಿಂಗಳಾಯ್ತು. ಒಂದು ಜ್ವರ ಬಂತು, ಹೋಗುವಾಗ ಮೂಗು ತಗೊಂಡು ಹೋಯ್ತು. ಸಮುದ್ರದ ಗಾಳಿಗೆ ಸರಿಹೋಗಬಹುದು ಅಂತ... ಮೀನಿನ ಹತ್ರಾನೂ ನಿಂತು ನೋಡ್ದೆ. ಏನೂ ಇಲ್ಲ."

"ನಮ್ಮಪ್ಪಂಗೂ ಹೀಗೇ ಆಗಿತ್ತು" ಅಂದರು ಆಕೆ. "ಕೊನೇ ಹತ್ತು ವರ್ಷ ವೈನ್ ಮೂಸಿದ್ದೆಲ್ಲ ನಮ್ಮಮ್ಮ. ಅವಳು ಹೇಳೋಳು, ಅಪ್ಪ ಮಾಡೋರು. ಊರಿಗೆಲ್ಲ ಗೊತ್ತಿತ್ತು. ಅಪ್ಪ ಮುಚ್ಚಿಟ್ಟ ಮೊದಲನೇ ವರ್ಷ ಇದೆಯಲ್ಲ, ಆ ವರ್ಷದ್ದೇ ಈ ಕೆಟ್ಟ ಪೀಪಾಯಿ."

ದಾರಿಯುದ್ದಕ್ಕೂ ನಾನು ಒಂದು ಜೋಕೂ ಹೊಡೆಯಲಿಲ್ಲ. ನನಗೇ ಆಶ್ಚರ್ಯ.

ತಾ. 7, ಗುರುವಾರ

ಬೆಳಿಗ್ಗೆ ಕಾಫಿ ಹೊತ್ತಿಗೆ ಭಾವ ಅಕ್ಕನಿಗೆ ಹೇಳಿಬಿಟ್ಟರು. ಗಂಟಲು ಸರಿಮಾಡಿಕೊಂಡು, ದೊಡ್ಡ ಪೀಠಿಕೆ ಹಾಕಿ. ನಾನು, ನನ್ನ ಹೆಂಡತಿ ಉಸಿರು ಬಿಗಿಹಿಡಿದು ಕೂತಿದ್ದೆವು.

ಅಕ್ಕ ಲೋಟ ಕೆಳಗಿಟ್ಟಳು. "ಮುಗೀತಾ? ನಂಗೆ ನಾಲ್ಕು ತಿಂಗಳಿಂದ ಗೊತ್ತು."

"ಹೆಂಗೆ?"

"ನನ್ನ ಹೊಸ ಸೋಪು ಮೂಸಿಸಿದೆ, ಏನಂದ್ರಿ? ಮೊಸರು ಹಳಸಿದ್ರೆ ಯಾರು ಎಸೀತಿದ್ರು? ಗ್ಯಾಸು ಯಾರು ಆರಿಸ್ತಿದ್ರು? ಒಂದು ಸಂಜೆ ಕಾಲು ನೆನೆಸೋಕೆ ಹೋದೆ, ಹಾಲು ಸೀಯಿಸಿದ್ರಿ."

"ಮತ್ತೆ ಹೇಳ್ಬಾರ್ದಿತ್ತಾ?"

"ನೀವು ಹೇಳ್ಲಿ ಅಂತ ಕಾಯ್ತಿದ್ದೆ. ಗಂಡಸರ ಮೂಗು, ಎಲ್ಲಿ ಮುಟ್ಟಿದ್ರೂ ನೋವು."

ನನಗೆ ನಗು ತಡೆಯಲಾಗಲಿಲ್ಲ. ಭಾವನಿಗೂ. ನಗುತ್ತ ನಗುತ್ತ ಮುಖ ಟವಲ್ಲಿನಲ್ಲಿ ಮುಚ್ಚಿಕೊಂಡರು. ತುಂಬ ಹೊತ್ತು ತೆಗೆಯಲಿಲ್ಲ.

ತಾ. 9, ಶನಿವಾರ

ವಾಪಸ್ ಬಂದೆವು. ಚೀಲದ ತುಂಬ ಮರಳು.

ಭಾವ ಓನರ್‌ಗೆ ಫೋನ್ ಮಾಡಿದರು. ಬಚ್ಚಿಡದೆ ಹೇಳಿದರು. "ನಂಗೆ ಮೂಗಿಲ್ಲ, ನನ್ನ ಹೆಂಡತಿ ಮೂಸ್ತಾಳೆ, ನಾನು ಮಾಡ್ತೀನಿ, ಬೇಡ ಅಂದ್ರೆ ಈಗ್ಲೇ ಹೇಳಿಬಿಡಿ" ಅಂತ. ಲೈನ್ ಕಟ್ಟಾಯಿತೇನೋ ಅಂತ ಭಾವ ಫೋನ್ ನೋಡಿದರು. ಆಮೇಲೆ ಆ ಕಡೆಯಿಂದ, "ಶುಕ್ರವಾರ ಬರ್ತೀನಿ. ತಿಂದು ಹೇಳ್ತೀನಿ." ಅಷ್ಟೇ.

ತಾ. 15, ಶುಕ್ರವಾರ. ಮಧ್ಯಾಹ್ನ 1

ಅಕ್ಕನ ಮನೆ ಹಿಂದಿನ ಕೋಣೆ. ಮುಂದಿನ ಕೋಣೆಯಲ್ಲಿ ಓನರ್ ಕೂತಿದ್ದಾರೆ. ನನಗೆ ಅಲ್ಲಿ ನಿಲ್ಲುವುದಕ್ಕಾಗಲಿಲ್ಲ, ಬಾಯಿ ಜಾರಿ ಏನಾದರೂ ಜೋಕ್ ಬಂದರೆ?

ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಯುದ್ಧ. ಬಾಣಲೆ ಮುಂದೆ ಅಕ್ಕ ಮೂಗು ಚಾಚಿ ನಿಂತಿದ್ದಳು. "ಇನ್ನೂ ಹಸಿ ವಾಸನೆ... ಇನ್ನೂ... ಈಗ! ಈಗ ಹಾಕಿ!"

"ಬೆಳ್ಳುಳ್ಳಿ ಕಂದು ಆಯ್ತಾ?"

"ಕಣ್ಣು ನಿಮ್ಮದು, ನೀವೇ ನೋಡಿ. ನಂಗೆ ಮೂಗಿನ ಕೆಲಸ ಅಷ್ಟೇ!"

ಹಿಂದೆ ಓನರ್ ಬಂದು ಬಾಗಿಲಲ್ಲಿ ನಿಂತದ್ದು ಇಬ್ಬರಿಗೂ ಗೊತ್ತಿಲ್ಲ. "ಹೋಟ್ಲಲ್ಲೂ ಹೀಗೇ ಜಗಳ ಆಡ್ತೀರಾ?"

ಅಕ್ಕ ತಿರುಗಿಯೂ ನೋಡಲಿಲ್ಲ. "ಇಲ್ಲ, ಅಲ್ಲಿ ಇನ್ನೂ ಜೋರು. ಇವತ್ತು ನೀವಿದೀರ ಅಂತ ಮೆತ್ತಗೆ."

ಆ ಮನುಷ್ಯ ನಗಲಿಲ್ಲ. ಹೋಗಿ ಕೂತರು.

ಬಡಿಸಿ ಆಯಿತು. ಸೂಪಿನ ಚಮಚದ ಸದ್ದು ಮಾತ್ರ. ಟಿಣ್... ಟಿಣ್... ಈಗ ಅದೂ ನಿಂತಿತು. ಯಾಕೆ ನಿಂತಿತು? ಏನೋ ಗೊಣಗಿದರು, ಕೇಳಿಸಲಿಲ್ಲ. ಕುರ್ಚಿ ಎಳೆದ ಸದ್ದು. ಎದ್ದು ಹೊರಟರಾ? ಇಲ್ಲ, ಇನ್ನೊಂದು ಕುರ್ಚಿ... ಇನ್ನೊಂದು...

"ಏಯ್! ಎಲ್ಲಿ ಹಾಳಾಗೋದೆಯೋ?" ಅಕ್ಕ ಕೂಗುತ್ತಿದ್ದಾಳೆ. "ಊಟಕ್ಕೆ ಬಾ! ಜೊತೇಲಿ ಕೆಲಸ ಮಾಡೋರನ್ನ ಬಿಟ್ಟು ಒಬ್ರೇ ತಿನ್ನಲ್ವಂತೆ ಇವ್ರು, ಎಲ್ರೂ ಕೂರ್ಬೇಕಂತೆ. ಬೇಗ ಬಾರೋ, ನಿನ್ ಭಾವ ಅಳ್ತಾ ಬಡಿಸ್ತಿದಾರೆ, ಸೂಪಿಗೆ ಉಪ್ಪು ಜಾಸ್ತಿಯಾಗುತ್ತೆ!"

ಬಂದೆ ಅಕ್ಕಾ, ಬಂ—