ಮೂವತ್ತೊಂದನೆಯ ಸಲ

೧೯ ಜುಲೈ ೧೯೭೭, ಮಂಗಳವಾರ. ಲಾಸ್ ಏಂಜಲೀಸ್.

ಈ ಗ್ಯಾರೆಟ್‌ನ ಕತ್ತು ಹಿಸುಕಬೇಕು ಅನ್ನಿಸುತ್ತಿದೆ. ದೊಡ್ಡ ನಿರ್ಮಾಪಕನಂತೆ! ಅವನ ಜಾಝ್-ರಾಕ್ ಆಲ್ಬಮ್ಮಿನ ಒಂದು ಹಾಡು, ಅದರ ನಡುವೆ ಅರ್ಧ ನಿಮಿಷದ ಗಿಟಾರು. ಬೆಳಿಗ್ಗೆಯಿಂದ ಮೂವತ್ತು ಸಲ ನುಡಿಸಿದೆ. ಪ್ರತಿ ಸಲವೂ ಸ್ಟುಡಿಯೋದ ಗಾಜಿನಾಚೆಯಿಂದ ಅದೇ ರಾಗ: "ಚೆನ್ನಾಗಿದೆ ಕಣಯ್ಯಾ, ಆದ್ರೆ ಇದಲ್ಲ." ಯಾವುದು ಅಂತ ಅವನಪ್ಪನಾಣೆ ಅವನಿಗೇ ಗೊತ್ತಿಲ್ಲ. ನನಗಿಂತ ಮುಂಚೆ ಐದು ಜನರನ್ನು ಹೀಗೇ ಅರೆದು ಕಳಿಸಿದ್ದಾನೆ.

ಗ್ಯಾರೆಟ್ ಊಟಕ್ಕೆ ಹೋದಾಗ ರೆಕಾರ್ಡಿಂಗ್ ಎಂಜಿನಿಯರ್ ವಿನ್ಸ್ ಆ ಐವರಲ್ಲೊಬ್ಬನ ಟೇಪು ಹಾಕಿದ. ಎರಡು ಸ್ವರಕ್ಕೇ ಗುರುತು ಸಿಕ್ಕಿತು. ಲಾಯ್ಡ್! ನನಗೆ ಗಿಟಾರ್ ಹಿಡಿಯುವುದನ್ನು ಕಲಿಸಿದವನು.

"ಇದಕ್ಕೇನಾಗಿತ್ತೋ ರೋಗ?" ಅಂದೆ.

"ಮುದುಕನ ಕೈ ನಡುಗ್ತಿತ್ತಂತೆ."

ನಡುಕವೆಲ್ಲಿತ್ತು? ಎದೆ ಹಿಂಡುವ ಹಾಗಿತ್ತು. ಇನ್ನೆರಡು ಸಲ ಹಾಕಿಸಿ ಕೇಳಿದೆ. ಸಿಟ್ಟು ನೆತ್ತಿಗೇರಿತು.

ಮೂವತ್ತೊಂದನೆಯ ಸಲ, ಲಾಯ್ಡ್ ನುಡಿಸಿದ್ದನ್ನೇ ಒಂದು ಸ್ವರ ಬಿಡದೆ ನುಡಿಸಿದೆ. ಗ್ಯಾರೆಟ್ ಕುಣಿದುಬಿಟ್ಟ: "ಇದೇ ಕಣೋ! ಇಷ್ಟೊತ್ತು ಎಲ್ಲಿ ಬಚ್ಚಿಟ್ಟಿದ್ಯೋ ಇದನ್ನ?"

ಇದು ನೀನು ಓಡಿಸಿದ ಮುದುಕನದು ಕಣೋ ಎಂದು ಎಲ್ಲರೆದುರು ಅವನ ಮಾನ ಕಳೆಯಲೆಂದೇ ನುಡಿಸಿದ್ದೆ. ಬಾಯಿ ತೆರೆದೆ.

ಬಂದದ್ದು "ಥ್ಯಾಂಕ್ಸ್".