ಸಕ್ಕರೆಯ ಮುಸುಕು

ಅಕ್ಕನಿಗೆ ತಮ್ಮನ ನಮಸ್ಕಾರ.

ಆ ಔಷಧಿ ಭಾವನಿಗೆ ನಾಟುವುದಿಲ್ಲ ಎಂದು ಹೋದ ವಾರ ಬರೆದಿದ್ದೆನಲ್ಲ, ಆ ಕಾರ್ಡನ್ನು ಹರಿದು ಹಾಕು.

ಕ್ಯಾನ್ಸರ್ ಗಡ್ಡೆಯ ಮೇಲೊಂದು ಪ್ರೋಟೀನು ಕೂತು, ಮೈಯ ಕಾವಲು ಕಣಗಳಿಗೆ ‘ನಾನು ನಿಮ್ಮವನೇ, ಮುಂದೆ ಹೋಗಿ’ ಎನ್ನುತ್ತದಂತೆ. ಔಷಧಿಯ ಕೆಲಸ ಅದರ ಬಾಯಿ ಮುಚ್ಚಿಸುವುದು. ಮೊದಲ ಪರೀಕ್ಷೆಯಲ್ಲಿ ಆ ಪ್ರೋಟೀನು ಕಾಣಲೇ ಇಲ್ಲ, ಅದಕ್ಕೇ ಔಷಧಿ ನಾಟುವುದಿಲ್ಲ ಎಂದಿದ್ದರು. ಇಲ್ಲಿಯ ಲ್ಯಾಬಿನ ಮೇಡಂ, “ಅದು ಮೈತುಂಬ ಸಕ್ಕರೆ ಹೊದ್ಕೊಂಡಿರುತ್ತೆ ಸಾರ್, ಬಣ್ಣ ಹತ್ತಲ್ಲ. ಇನ್ನೊಂದ್ಸಲ ನೋಡೋಣ” ಎಂದು, ಗಡ್ಡೆಯ ಚೂರಿನ ಸಕ್ಕರೆ ತೆಗೆದು ಮತ್ತೆ ಬಣ್ಣ ಹಾಕಿದರು. ನನಗೂ ತೋರಿಸಿದರು: ಗಾಜಿನ ಮೇಲೆ ಕಾಫಿ ಚೆಲ್ಲಿದಂತೆ ಕಂದು ಕಲೆ, ಅದೇ ಆ ಪ್ರೋಟೀನು. ಸಿಹಿ ಹೋಯಿತು, ಡಾಕ್ಟರ ಸಹಿ ಆಯಿತು.

ಭಾವ ಕೇಳಿದ್ದು ಒಂದೇ: “ಟೀಗೆ ಅರ್ಧ ಚಮಚ ಹಾಕೋಕೂ ನಿಮ್ಮಕ್ಕ ಬಿಡ್ಲಿಲ್ಲ. ಇವನಿಗೆ ಯಾರಯ್ಯ ಕೊಟ್ರು?”

ಗ್ಯಾರಂಟಿ ಏನೂ ಇಲ್ಲ ಎಂದಿದ್ದಾರೆ. ಸೋಮವಾರ ಮೊದಲ ಡ್ರಿಪ್. ಭಾವನ ತೂಕ ಎರಡು ಕೆಜಿ ಇಳಿದಿದೆ, ನನ್ನದು ಅಷ್ಟೇ ಏರಿದೆ.

ಕಾರ್ಡು ತುಂಬಿತು. ಹೋದ ವಾರ ಭಾವ ತಮ್ಮ ಕೈಗಡಿಯಾರ ಬಿಚ್ಚಿ, “ನೀನೇ ಇಟ್ಕೊ” ಎಂದು ನನಗೆ ಕೊಟ್ಟಿದ್ದರು, ನಿನಗೆ ಬರೆದಿರಲಿಲ್ಲ. ಇವತ್ತು ಬೆಳಿಗ್ಗೆ ವಾಪಸ್ ಕೇಳಿದರು.

ಕೊಟ್ಟೆ.

ನಿನ್ನ ತಮ್ಮ